ಡ್ರ್ಯಾಗನ್ ಫ್ರೂಟ್ ಗಿಡದ ಮೇಲಿನ ಬಿಳಿ ಹುಳ ‘ಹೊಸ ಪ್ರಭೇದ’ ಆಗುವುದು ಯಾವಾಗ?

ಸಾಲು ಸಾಲು ಕಂಬ, ಕಂಬದ ತುದಿಯಲ್ಲೊಂದು ಚಕ್ರ, ಅದರಿಂದ ಜೋತುಬಿದ್ದ ಮೂರು ಮೂಲೆಯ ಹಸಿರು ಕಾಂಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ಈಗ ಮಾಮೂಲಿ ನೋಟ. ಡ್ರ್ಯಾಗನ್ ಫ್ರೂಟ್ ತೋಟ. ತುಮಕೂರು ಹತ್ತಿರದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಈ ಹಣ್ಣಿಗೆ ಅಂತಲೇ ಒಂದು ಉತ್ಕೃಷ್ಟತಾ ಕೇಂದ್ರ ಮಾಡಲು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈ ಗಿಡ ಕ್ಯಾಕ್ಟಸ್ ಕುಟುಂಬದ್ದು ಅನ್ನುವುದು ಬೆಳೆಯುವವರಿಗೆ ಗೊತ್ತು, ತಿನ್ನುವವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಬೆಳೆ ಹೋದ ಕಡೆ ಅದರ ಹುಳವೂ ಹೋಗುತ್ತದೆ. ಒಂದು ದಿನ ಕಾಂಡದ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಬೂಸ್ಟು ಇರಬೇಕು ಅಂತ ಕೆಲವರು ಶಿಲೀಂಧ್ರದ ಔಷಧಿ ಹೊಡೆಯುತ್ತಾರೆ. ಉಗುರಿನಲ್ಲಿ ಕೆರೆದು ನೋಡಿ ಹುಳ ಅಂತ ಕಂಡುಕೊಂಡವರು, ‘ಇಂಥದ್ದು ಇದುವರೆಗೂ ನೋಡಿಲ್ಲ, ಯಾವುದೋ ಹೊಸ ಜಾತಿ’ ಅನ್ನುತ್ತಾರೆ. ಪತ್ರಿಕೆಗಳಲ್ಲೂ ಆಗಾಗ ‘ಹೊಸ ಪ್ರಭೇದದ ಕೀಟ ಪತ್ತೆ’ ಅಂತ ಸುದ್ದಿ ಬರುತ್ತದೆ. ಸುದ್ದಿ ಓದಿದರೆ ಯಾರೋ ಗಿಡದ ಹತ್ತಿರ ಹೋದರು, ಹುಳ ಸಿಕ್ಕಿತು, ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಹುಳ ಕಣ್ಣಿಗೆ ಬಿದ್ದ ದಿನಕ್ಕೂ ಅದು ಹೊಸ ಪ್ರಭೇದ ಅಂತ ದಾಖಲಾಗುವ ದಿನಕ್ಕೂ ನಡುವೆ ದೊಡ್ಡ ಕೆಲಸ ಇದೆ. ಅದನ್ನು ವಿಜ್ಞಾನಿಗಳು ‘ಪ್ರಭೇದವನ್ನು ವಿವರಿಸುವುದು’ ಅನ್ನುತ್ತಾರೆ. ಹುಳವನ್ನು ಸರಿಯಾಗಿ ಗುರುತಿಸದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ದೂರದ ಉದಾಹರಣೆ ಬೇಡ, ನಮ್ಮ ದೇಶದ ಪಾಪಾಸುಕಳ್ಳಿಯ ಕಥೆಯೇ ಸಾಕು. ಅದಕ್ಕೆ ಆಮೇಲೆ ಬರೋಣ.

## ಶಲ್ಕ ಕೀಟ ಅಂದರೆ ಯಾವುದು?

ಗಿಡದ ರಸ ಹೀರುವ ಹುಳಗಳ ಒಂದು ದೊಡ್ಡ ಬಳಗ ಇದೆ. ಸಸ್ಯಹೇನು, ಬಿಳಿ ನೊಣ, ಜಿಗಿಹುಳ ಎಲ್ಲ ಅದರಲ್ಲೇ ಬರುತ್ತವೆ. ಶಲ್ಕ ಕೀಟವೂ ಅದೇ ಬಳಗದ್ದು. ಸ್ಕೇಲ್ ಅಂತಲೂ ಕರೆಯುತ್ತಾರೆ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಶಲ್ಕ ಕೀಟಗಳೇ 8,000ಕ್ಕೂ ಜಾಸ್ತಿ.

ನಮ್ಮ ಕಡೆಯವರಿಗೆ ಇವು ಅಪರಿಚಿತ ಅಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದಲ್ಲಿ ಗೊಂಚಲಿನ ಒಳಗೆ ಸೇರಿಕೊಳ್ಳುವ ಹಿಟ್ಟು ತಿಗಣೆ ಈ ಗುಂಪಿನದ್ದೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆಯ ಕುಡಿ ಮುದುಡುವಂತೆ ಮಾಡುವ ತುಕ್ರ ಇದೆಯಲ್ಲ, ಅದಕ್ಕೆ ಕಾರಣ ಗುಲಾಬಿ ಬಣ್ಣದ ಒಂದು ಹಿಟ್ಟು ತಿಗಣೆ. ಅದೂ ಇದರ ಸಂಬಂಧಿಯೇ. ಇನ್ನೊಂದು ಕಡೆ, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಕೂಡ ಒಂದು ಶಲ್ಕ ಕೀಟ ಸ್ರವಿಸುವ ಅಂಟು. ಮಹಾಭಾರತದ ಅರಗಿನ ಮನೆಯ ಅರಗೂ ಅದೇ ವಸ್ತು.

ಹೆಣ್ಣು ಹುಳದ ಬದುಕು ವಿಚಿತ್ರ. ಮೊಟ್ಟೆಯಿಂದ ಬಂದ ಮರಿಗೆ ಕಾಲು ಇರುತ್ತದೆ, ಓಡಾಡುತ್ತದೆ, ಗಾಳಿಗೆ ಸಿಕ್ಕಿ ಪಕ್ಕದ ಗಿಡಕ್ಕೂ ಹೋಗುತ್ತದೆ. ಒಂದು ಜಾಗ ಹಿಡಿಸಿತು ಅಂದರೆ ಕೂದಲಿಗಿಂತ ಸಪೂರವಾದ ಬಾಯಿಯ ಕೊಳವೆಯನ್ನು ಗಿಡದೊಳಕ್ಕೆ ಇಳಿಸಿ ಕೂತುಬಿಡುತ್ತದೆ. ಗಟ್ಟಿ ಹೊದಿಕೆಯ ಜಾತಿಗಳಲ್ಲಿ ಹೆಣ್ಣು ಆಮೇಲೆ ಕಾಲನ್ನೇ ಕಳೆದುಕೊಳ್ಳುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ರೆಕ್ಕೆ ಯಾವತ್ತೂ ಬರುವುದಿಲ್ಲ. ಮೈಯಿಂದ ಮೇಣ ಹೊರಬಂದು ಹೊದಿಕೆಯಾಗುತ್ತದೆ, ನಮಗೆ ಕಾಣುವ ‘ಚುಕ್ಕೆ’ ಆ ಹೊದಿಕೆ. ಗಂಡಿಗೆ ಸಾಮಾನ್ಯವಾಗಿ ಒಂದು ಜೊತೆ ರೆಕ್ಕೆ ಬರುತ್ತದೆ. ಆದರೆ ಅದಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ. ಕೆಲವೇ ದಿನ ಬದುಕಿದ್ದು, ಹೆಣ್ಣನ್ನು ಹುಡುಕಿ, ಕೂಡಿ ಸಾಯುತ್ತದೆ. ಹೀಗಾಗಿ ಒಂದೇ ಪ್ರಭೇದದ ಗಂಡು ಹೆಣ್ಣನ್ನು ಅಕ್ಕಪಕ್ಕ ಇಟ್ಟರೆ ಎರಡಕ್ಕೂ ಸಂಬಂಧ ಇದೆ ಅಂತ ನೋಡಿದವರು ನಂಬುವುದು ಕಷ್ಟ.

ಕ್ಯಾಕ್ಟಸ್ ಮೇಲೆ ಕಾಣುವವನ್ನು ಸುಮಾರಾಗಿ ಮೂರು ತರಹ ಅನ್ನಬಹುದು. ಗಟ್ಟಿ ಹೊದಿಕೆಯದು ಒಂದು. ಗುಂಡಗೆ, ಬೂದು ಬಿಳುಪು, ಎರಡು ಮಿಲಿಮೀಟರ್ ಆಸುಪಾಸು. ಇದರಲ್ಲಿ ಡಯಾಸ್ಪಿಸ್ ಎಕಿನೋಕ್ಯಾಕ್ಟೈ ಅನ್ನುವುದು ಕುಂಡದ ಕ್ಯಾಕ್ಟಸ್‌ಗಳ ಜೊತೆ ಜಗತ್ತೆಲ್ಲ ಸುತ್ತಿರುವ ಹುಳ. ಎರಡನೆಯದು ಕೊಚಿನೀಲ್. ಹತ್ತಿ ಅಂಟಿಸಿದ ಹಾಗೆ ಕಾಣುತ್ತದೆ, ಹಿಸುಕಿದರೆ ಕಡುಗೆಂಪು ರಸ. ಆ ಕೆಂಪು ಕಾರ್ಮಿನಿಕ್ ಆಮ್ಲದ್ದು, ಇರುವೆಯಂಥ ಶತ್ರುಗಳು ಹತ್ತಿರ ಬರದಂತೆ ತಡೆಯಲು ಹುಳಕ್ಕೆ ಉಪಯೋಗ. ಮೂರನೆಯದು ಹಿಟ್ಟು ತಿಗಣೆಗಳು. ಇವಕ್ಕೆ ಕ್ಯಾಕ್ಟಸ್ಸೇ ಬೇಕು ಅಂತ ಇಲ್ಲ, ಸಿಕ್ಕಿದ ಗಿಡ ಹತ್ತುವ ಜಾತಿಗಳೂ ಇವೆ.

## ‘ಹೊಸದು’ ಅನ್ನುವುದರಲ್ಲಿ ಮೂರು ಬಗೆ

ಇದು ಸ್ಪಷ್ಟವಾಗಬೇಕು. ಸುದ್ದಿಗಳಲ್ಲಿ ಜಾಸ್ತಿ ಗೊಂದಲ ಆಗುವುದೇ ಇಲ್ಲಿ.

ಒಂದು ಹುಳ ಆ ಗಿಡಕ್ಕೆ ಹೊಸದಿರಬಹುದು. ದಾಳಿಂಬೆಯಲ್ಲೋ ಸೀಬೆಯಲ್ಲೋ ಮೊದಲಿನಿಂದ ಇದ್ದ ಹಿಟ್ಟು ತಿಗಣೆ ಪಕ್ಕದ ಡ್ರ್ಯಾಗನ್ ಫ್ರೂಟ್‌ಗೆ ಹತ್ತಿದರೆ, ಡ್ರ್ಯಾಗನ್ ಫ್ರೂಟ್ ಬೆಳೆದವರಿಗೆ ಅದು ಹೊಸದು. ಹುಳ ಮಾತ್ರ ಹಳೆಯದು. ಇನ್ನೊಂದು ಬಗೆ, ದೇಶಕ್ಕೆ ಹೊಸದು. ಬೇರೆ ಖಂಡದಲ್ಲಿ ಯಾವಾಗಲೋ ಹೆಸರಿಟ್ಟ ಹುಳ ಈಗ ಇಲ್ಲಿಗೆ ಬಂದಿಳಿದಿರುತ್ತದೆ. ಪರಂಗಿ ಗಿಡಗಳನ್ನು ಬಿಳಿ ಮಾಡಿದ ಹಿಟ್ಟು ತಿಗಣೆ ಹೀಗೆ ಬಂದದ್ದು. ಅದಕ್ಕೆ ಪ್ಯಾರಾಕಾಕಸ್ ಮಾರ್ಜಿನೇಟಸ್ ಅಂತ 1992ರಲ್ಲೇ ಹೆಸರಿಟ್ಟಿದ್ದರು, ಭಾರತದಲ್ಲಿ ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಮೂರನೆಯ ಬಗೆ, ವಿಜ್ಞಾನಕ್ಕೇ ಹೊಸದು. ಭೂಮಿಯ ಮೇಲೆ ಎಲ್ಲೂ, ಯಾರೂ, ಯಾವತ್ತೂ ಅದನ್ನು ಬೇರೆ ಪ್ರಭೇದ ಅಂತ ವಿವರಿಸಿ ಹೆಸರಿಟ್ಟಿಲ್ಲ. ‘ಹೊಸ ಪ್ರಭೇದ’ ಅನ್ನಬೇಕಾದದ್ದು ಇದನ್ನು ಮಾತ್ರ.

ಹಾಗಾದರೆ ನಮ್ಮ ಜಿಲ್ಲೆಗಳ ಕ್ಯಾಕ್ಟಸ್ ಮೇಲೆ ಅಪರಿಚಿತ ಹುಳ ಕಂಡರೆ ಅದು ಯಾವ ಬಗೆಯದಿರಬಹುದು? ಮೊದಲ ಎರಡು ಬಗೆಯ ಸಾಧ್ಯತೆಯೇ ಜಾಸ್ತಿ. ಕಾರಣ ಸರಳ. ಕ್ಯಾಕ್ಟಸ್ ಕುಟುಂಬ ಹುಟ್ಟಿ ಬೆಳೆದದ್ದು ಉತ್ತರ ಮತ್ತು ದಕ್ಷಿಣ ಅಮೆರಿಕದಲ್ಲಿ. ಪಾಪಾಸುಕಳ್ಳಿ, ಡ್ರ್ಯಾಗನ್ ಫ್ರೂಟ್, ತಾರಸಿಯ ಕುಂಡದಲ್ಲಿರುವ ಗುಂಡು ಕ್ಯಾಕ್ಟಸ್, ಎಲ್ಲವೂ ಅಲ್ಲಿಂದ ಬಂದವು. ಕ್ಯಾಕ್ಟಸ್ ಒಂದನ್ನೇ ನಂಬಿದ ಹುಳಗಳೂ ಅಲ್ಲಿಯವೇ. ದೇವರಾಯನದುರ್ಗದ ಬಂಡೆಗಳ ಮೇಲೋ ಅಂತರಗಂಗೆ ಬೆಟ್ಟದಲ್ಲೋ ಬೆಳೆಯುವ ಹಾಲು ಬರುವ ಕಳ್ಳಿಗಳು ಬೇರೆಯೇ ಕುಟುಂಬದವು, ಅವು ಕ್ಯಾಕ್ಟಸ್ ಅಲ್ಲ. ಹುಳ ಯಾವ ಗಿಡದ ಮೇಲೆ ಸಿಕ್ಕಿತು ಅಂತ ವಿಜ್ಞಾನಿಗಳು ಅಷ್ಟು ಒತ್ತಿ ಕೇಳುವುದು ಇದಕ್ಕೇ.

ಅಂದ ಮಾತ್ರಕ್ಕೆ ಕ್ಯಾಕ್ಟಸ್ ಮೇಲೆ ಹೊಸ ಪ್ರಭೇದ ಸಿಗುವುದೇ ಇಲ್ಲ ಅಂತಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ, ಚಿಹುವಾಹುವನ್ ಮರುಭೂಮಿಯ ಕ್ಯಾಕ್ಟಸ್ ಮೇಲಿದ್ದ ಒಂದು ಕೊಚಿನೀಲ್ ಹುಳವನ್ನು 2012ರಲ್ಲಿ ಹೊಸ ಪ್ರಭೇದ ಅಂತ ವಿವರಿಸಿದರು. ಡ್ಯಾಕ್ಟೈಲೋಪಿಯಸ್ ಗ್ರ್ಯಾಸಿಲಿಪೈಲಸ್ ಅದರ ಹೆಸರು. ಅದೂ ಸೇರಿ ಇಡೀ ಕೊಚಿನೀಲ್ ಕುಲದಲ್ಲಿ ಇರುವುದು 11 ಪ್ರಭೇದ. ನೂರಾರು ವರ್ಷ ಜನ ವ್ಯಾಪಾರ ಮಾಡಿದ, ಸಾಮ್ರಾಜ್ಯಗಳು ಕಣ್ಣಿಟ್ಟು ಕಾದ ಕುಲದಲ್ಲೇ ಒಂದು ಪ್ರಭೇದ 2012ರವರೆಗೆ ಹೆಸರಿಲ್ಲದೆ ಉಳಿದಿತ್ತು ಅಂದರೆ, ನೋಡುವವರು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ ಅಲ್ವಾ?

## ತಪ್ಪು ಹುಳ ತಂದ ಕಥೆ

ಈಗ ಪಾಪಾಸುಕಳ್ಳಿಯ ವಿಷಯ.

ಮೆಕ್ಸಿಕೋದ ಜನ ಕೊಚಿನೀಲ್ ಹುಳವನ್ನು ಪಾಪಾಸುಕಳ್ಳಿಯ ಮೇಲೆ ಸಾಕಿ, ಒಣಗಿಸಿ, ಕೆಂಪು ಬಣ್ಣ ತೆಗೆಯುತ್ತಿದ್ದರು. ಒಂದು ಪೌಂಡ್ ಸರಕಿಗೆ ಸುಮಾರು 70,000 ಒಣ ಹುಳ ಬೇಕು. ಸ್ಪೇನ್ ದೇಶ ಮೆಕ್ಸಿಕೋವನ್ನು ಹಿಡಿದ ಮೇಲೆ ಈ ವ್ಯಾಪಾರ ಅವರ ಕೈಯಲ್ಲೇ ಉಳಿಯಿತು. ಬ್ರಿಟಿಷರಿಗೂ ಆ ಬಣ್ಣ ಬೇಕಿತ್ತು, ಅವರ ಸೇನಾಧಿಕಾರಿಗಳ ಕೆಂಪು ಕೋಟಿಗೆ ಬಳಸುತ್ತಿದ್ದದ್ದು ಇದನ್ನೇ. ದುಡ್ಡು ಕೊಟ್ಟು ತರಿಸುವ ಬದಲು ಭಾರತದಲ್ಲೇ ಸಾಕೋಣ ಅಂತ ಈಸ್ಟ್ ಇಂಡಿಯಾ ಕಂಪನಿ ಯೋಚಿಸಿತು. ಮದ್ರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಇದರ ಹಿಂದೆ ಬಿದ್ದ. ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯದೇ ಒಂದು ತೋಟ ಬೆಳೆಸಿದ. ತೋಟ ತಯಾರಿತ್ತು, ಹುಳ ಬರಬೇಕಿತ್ತು.

1795ರಲ್ಲಿ ಹುಳ ಬಂತು. ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹಡಗಿನಲ್ಲಿ. ತಂದವರು ಅದನ್ನು ಬಣ್ಣದ ಕೊಚಿನೀಲ್ ಅಂತಲೇ ನಂಬಿದ್ದರು. ನೋಡಲು ಹಾಗೇ ಇತ್ತು, ಹಿಸುಕಿದರೆ ಕೆಂಪೂ ಬರುತ್ತಿತ್ತು. ಆದರೆ ಅದು ಬೇರೆ ಪ್ರಭೇದ. ಸಾಕಿದ ಹುಳ ಡ್ಯಾಕ್ಟೈಲೋಪಿಯಸ್ ಕಾಕಸ್ ಗಾತ್ರದಲ್ಲಿ ದೊಡ್ಡದು, ಮೈಮೇಲೆ ಪುಡಿಯಂಥ ಮೇಣ ಇರುತ್ತದೆ, ಬಣ್ಣ ಹೇರಳ. ಬಂದದ್ದು ಚಿಕ್ಕದು, ಹತ್ತಿಯಂಥ ಮೇಣ ಹೊದ್ದದ್ದು, ಬಣ್ಣ ಕಡಿಮೆ. ಇವತ್ತು ಅದನ್ನು ಡ್ಯಾಕ್ಟೈಲೋಪಿಯಸ್ ಸಿಲೋನಿಕಸ್ ಅನ್ನುತ್ತೇವೆ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಬದಲಿಗೆ ಹುಳ ಅಲ್ಲಿದ್ದ ಒಂದು ಜಾತಿಯ ಪಾಪಾಸುಕಳ್ಳಿ, ಒಪುನ್ಷಿಯಾ ಮೊನಕ್ಯಾಂತಾ, ಅದನ್ನು ಹೀರಿ ಹೀರಿ ಒಣಗಿಸಿ ಹಾಕಿತು.

ಆಮೇಲೆ ಜನ ಈ ತಪ್ಪನ್ನೇ ಉಪಯೋಗಕ್ಕೆ ತಂದುಕೊಂಡರು. ಪಾಪಾಸುಕಳ್ಳಿ ಹೊಲ, ಗೋಮಾಳ ಎಲ್ಲ ನುಂಗುತ್ತಿತ್ತು. 1836ರಿಂದ 1838ರ ಹೊತ್ತಿಗೆ ಈ ಹುಳವನ್ನು ಬೇಕಂತಲೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಒಂದು ಕಳೆಯನ್ನು ಹತೋಟಿಗೆ ತರಲು ಹುಳವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ದೇಶಪೂರ್ವಕವಾಗಿ ಒಯ್ದು ಗೆದ್ದ ಜಗತ್ತಿನ ಮೊದಲ ಉದಾಹರಣೆ ಅಂತ ಇದನ್ನೇ ಹೇಳುತ್ತಾರೆ. 1860ರ ದಶಕದಲ್ಲಿ ಇಲ್ಲಿಂದ ಸಿಲೋನಿಗೂ ಹೋಯಿತು.

ಆದರೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ, ಒಪುನ್ಷಿಯಾ ಡಿಲ್ಲೆನಿ, ಹಳದಿ ಹೂ ಬಿಟ್ಟು ನೇರಳೆಗೆಂಪು ಹಣ್ಣಾಗುತ್ತದಲ್ಲ, ಅದನ್ನು ಈ ಹುಳ ಹತೋಟಿಗೆ ತರಲಿಲ್ಲ. ಅದಕ್ಕೆ ಕೊಚಿನೀಲ್‌ನ ಇನ್ನೊಂದು ಪ್ರಭೇದವೇ ಬೇಕಾಯಿತು, ಡ್ಯಾಕ್ಟೈಲೋಪಿಯಸ್ ಒಪುನ್ಷಿಯೆ. ಅದು ಭಾರತಕ್ಕೆ ಬಂದದ್ದು 1926ರಲ್ಲಿ, ಶ್ರೀಲಂಕಾದಿಂದ. ಬರಿಗಣ್ಣಿಗೆ ಎರಡೂ ಹುಳ ಒಂದೇ, ಬಿಳಿ ಹತ್ತಿ, ಒಳಗೆ ಕೆಂಪು. ಒಂದು ಈ ಕಳ್ಳಿಯನ್ನು ಕೊಲ್ಲುತ್ತದೆ, ಇನ್ನೊಂದು ಆ ಕಳ್ಳಿಯನ್ನು.

ನನಗೆ ಈ ಕಥೆಯಲ್ಲಿ ತುಂಬ ಮುಖ್ಯ ಅನ್ನಿಸುವುದು ಇಸವಿಗಳು. ಸಿಲೋನಿಕಸ್ ಹುಳ ನಮ್ಮ ದೇಶಕ್ಕೆ ಕಾಲಿಟ್ಟದ್ದು 1795. ಅದನ್ನು ಬೇರೆಯೇ ಅಂತ ಗುರುತಿಸಿ ಅರ್ನೆಸ್ಟ್ ಗ್ರೀನ್ ಎಂಬ ಕೀಟಶಾಸ್ತ್ರಜ್ಞ ಸಿಲೋನಿನಲ್ಲಿ ಆ ಹೆಸರಿಟ್ಟದ್ದು 1896. ನಡುವಿನ ನೂರು ವರ್ಷ ಜನ ಆ ಹುಳವನ್ನು ಸಾಕಿದರು, ಸಾಗಿಸಿದರು, ಹೊಲಕ್ಕೆ ಬಿಟ್ಟರು, ಯಾವ ಹುಳ ಅಂತ ಮಾತ್ರ ಗೊತ್ತಿರಲಿಲ್ಲ.

## ಹುಳ ಒಳಗಿಂದ ಹೇಗಿದೆ: ಸ್ಲೈಡ್ ಮಾಡುವ ಕೆಲಸ

ಮೇಲ್ನೋಟಕ್ಕೆ ನೋಡಿ ಹೇಳಲು ಆಗುವುದಿಲ್ಲವೇ? ಬಹಳ ಸಲ ಆಗುವುದಿಲ್ಲ. ನಮಗೆ ಕಾಣುವುದು ಮೇಣ. ಮೇಣ ಮಳೆಗೆ ತೊಳೆದುಹೋಗುತ್ತದೆ, ವಯಸ್ಸಿನ ಜೊತೆ ಬದಲಾಗುತ್ತದೆ, ಕೂತ ಜಾಗದ ಪ್ರಕಾರ ಆಕಾರ ಬದಲಿಸುತ್ತದೆ. ಮೊಬೈಲ್‌ನಲ್ಲಿ ತೆಗೆದ ಫೋಟೊ ಎಷ್ಟೇ ಚೆನ್ನಾಗಿದ್ದರೂ ಇದೇ ತೊಂದರೆ.

ಆದ್ದರಿಂದ ಮೇಣ ತೆಗೆದು ಚರ್ಮ ನೋಡಬೇಕು. ಬೆಳೆದ ಹೆಣ್ಣು ಹುಳವನ್ನು ಮೊದಲು ಮದ್ಯಸಾರದಲ್ಲಿ ಹಾಕಿಡುತ್ತಾರೆ. ಆಮೇಲೆ ಮೈಗೆ ಸೂಜಿಯಿಂದ ಸಣ್ಣ ತೂತು ಮಾಡಿ, ಶೇ 10ರ ಕಾಸ್ಟಿಕ್ ಪೊಟ್ಯಾಷ್ ನೀರಿನಲ್ಲಿ ಹದವಾಗಿ ಬಿಸಿ ಮಾಡುತ್ತಾರೆ. ಒಳಗಿನ ಮಾಂಸ, ಕೊಬ್ಬು ಸಡಿಲವಾಗುತ್ತದೆ. ಅದನ್ನು ಮೆಲ್ಲಗೆ ಒತ್ತಿ ಹೊರಗೆ ತೆಗೆಯುತ್ತಾರೆ. ಸ್ವಲ್ಪ ಜೋರಾದರೆ ಹರಿದುಹೋಗುತ್ತದೆ. ಹುಳದ ಗಾತ್ರವೇ ಒಂದೆರಡು ಮಿಲಿಮೀಟರ್, ನೆನಪಿರಲಿ. ಕೊನೆಗೆ ಉಳಿಯುವುದು ಪಾರದರ್ಶಕವಾದ ಖಾಲಿ ಚರ್ಮ. ಅದರ ಗುರುತುಗಳು ಎದ್ದು ಕಾಣಲಿ ಅಂತ ಆಸಿಡ್ ಫುಕ್ಸಿನ್ ಅನ್ನುವ ಗುಲಾಬಿ ಬಣ್ಣ ಹಾಕುತ್ತಾರೆ. ಮದ್ಯಸಾರದಲ್ಲಿ ಅದ್ದಿ ಅದ್ದಿ ನೀರಿನಂಶ ತೆಗೆದು, ಲವಂಗದ ಎಣ್ಣೆಯಲ್ಲಿ ತಿಳಿಯಾಗಿಸಿ, ಗಾಜಿನ ಪಟ್ಟಿಯ ಮೇಲೆ ಕೆನಡಾ ಬಾಲ್ಸಂ ಅನ್ನುವ ಮರದ ಅಂಟಿನಲ್ಲಿ ಕೂರಿಸಿ ಮೇಲೆ ತೆಳು ಗಾಜು ಮುಚ್ಚುತ್ತಾರೆ. ಅದು ಒಣಗಲು ವಾರಗಟ್ಟಲೆ ಬೇಕು. ಹೀಗೆ ಚೆನ್ನಾಗಿ ಮಾಡಿದ ಸ್ಲೈಡ್ ನೂರು ವರ್ಷ ಕಳೆದರೂ ನೋಡಲು ಬರುತ್ತದೆ. ಹಳೆಯ ವಿಜ್ಞಾನಿಗಳು ಮಾಡಿಟ್ಟ ಸ್ಲೈಡ್‌ಗಳನ್ನು ಇವತ್ತಿಗೂ ತೆಗೆದು ನೋಡುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಆಗ ಕಾಣುವುದೇ ಬೇರೆ ಲೋಕ. ಮೇಣ ಹೊರಬರುವ ರಂಧ್ರಗಳು ಕಾಣುತ್ತವೆ. ಅವು ಎಷ್ಟು, ಎಲ್ಲೆಲ್ಲಿ, ಒಂಟಿಯಾಗಿವೆಯೋ ಗುಂಪಾಗಿವೆಯೋ ನೋಡಬೇಕು. ಕೊಚಿನೀಲ್ ಹುಳಗಳಲ್ಲಿ ಐದು ಕೋಣೆಯ ರಂಧ್ರಗಳು ಗುಂಪು ಗುಂಪಾಗಿ ಇರುತ್ತವೆ, ಜೊತೆಗೆ ತುದಿ ಕತ್ತರಿಸಿದಂತಿರುವ ದಪ್ಪ ಕೂದಲುಗಳು. ಆ ಕೂದಲಿನ ಉದ್ದ ಎಷ್ಟು, ಅಗಲ ಎಷ್ಟು, ಯಾವ ಭಾಗದಲ್ಲಿ ಜಾಸ್ತಿ ಅನ್ನುವುದರ ಮೇಲೆ ಪ್ರಭೇದ ನಿಲ್ಲುತ್ತದೆ. ಗಟ್ಟಿ ಹೊದಿಕೆಯ ಹುಳಗಳಲ್ಲಿ ಹಿಂಭಾಗದ ಅಂಚನ್ನು ನೋಡುತ್ತಾರೆ. ಅಲ್ಲಿ ಸಣ್ಣ ಸಣ್ಣ ಹಲ್ಲಿನಂಥ ಭಾಗಗಳಿರುತ್ತವೆ, ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ.

ಚಿತ್ರ ಬರೆಯುವ ರೀತಿಯೂ ವಿಶೇಷ. ಹುಳದ ಮಧ್ಯಕ್ಕೆ ಒಂದು ಗೆರೆ. ಎಡ ಅರ್ಧದಲ್ಲಿ ಬೆನ್ನು, ಬಲ ಅರ್ಧದಲ್ಲಿ ಹೊಟ್ಟೆ. ಸುತ್ತ ರಂಧ್ರ, ಕೂದಲು, ಕೊಳವೆಗಳ ದೊಡ್ಡ ಚಿತ್ರಗಳು. ಜಗತ್ತಿನ ಯಾವ ಮೂಲೆಯ ಶಲ್ಕ ಕೀಟ ತಜ್ಞರಾದರೂ ಹೀಗೇ ಬರೆಯುತ್ತಾರೆ, ಹೀಗೇ ಓದುತ್ತಾರೆ. ಭಾಷೆ ಬಾರದಿದ್ದರೂ ಚಿತ್ರ ನೋಡಿ ಹುಳ ಗುರುತಿಸಬಹುದು.

## ಬೇರೆ ಪ್ರಭೇದ ಅಂತ ಹೇಗೆ ಗೊತ್ತಾಗುತ್ತದೆ?

ಒಂದು ಹುಳದಲ್ಲಿ ವ್ಯತ್ಯಾಸ ಕಂಡ ತಕ್ಷಣ ಹೊಸದು ಅನ್ನುವಂತಿಲ್ಲ. ಒಂದೇ ಪ್ರಭೇದದ ಹುಳಗಳಲ್ಲೂ ವ್ಯತ್ಯಾಸ ಇರುತ್ತದೆ. ಬೇರೆ ಗಿಡದಲ್ಲಿ ಬೆಳೆದರೆ ಗಾತ್ರ ಬದಲಾಗಬಹುದು. ಹಾಗಾಗಿ ಹಲವು ಹುಳ, ಸಾಧ್ಯವಾದರೆ ಹಲವು ಜಾಗದವು, ಸ್ಲೈಡ್ ಮಾಡಿ ಅಳೆಯಬೇಕು. ಆ ಕುಲದಲ್ಲಿ ಇದುವರೆಗೆ ಹೆಸರು ಪಡೆದ ಒಂದೊಂದು ಪ್ರಭೇದದ ಜೊತೆಗೂ ಹೋಲಿಸಬೇಕು. ಕೊಚಿನೀಲ್ ಆದರೆ 11ರ ಜೊತೆ ಹೋಲಿಸಿದರೆ ಸಾಕು. ಹಿಟ್ಟು ತಿಗಣೆಗಳಲ್ಲಿ ಒಂದೊಂದು ಕುಲದಲ್ಲಿ ನೂರಕ್ಕೂ ಹೆಚ್ಚು ಇರುವುದುಂಟು. ಹಳೆಯ ವಿವರಣೆಗಳು ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಯಲ್ಲಿರುತ್ತವೆ, ಕೆಲವು ಎರಡೇ ಸಾಲು. ಆಗ ಮ್ಯೂಸಿಯಂನಲ್ಲಿರುವ ಹಳೆಯ ಸ್ಲೈಡನ್ನೇ ನೋಡಬೇಕಾಗುತ್ತದೆ.

ಡಿಎನ್‌ಎ ಪರೀಕ್ಷೆ ಇದೆಯಲ್ಲ, ಅದನ್ನು ಮಾಡಿದರೆ ಮುಗಿಯಿತಲ್ಲ ಅಂತ ಕೇಳಬಹುದು. ಅದು ದೊಡ್ಡ ಸಹಾಯ, ಮುಖ್ಯವಾಗಿ ಗಂಡು ಯಾವುದು, ಮರಿ ಯಾವುದು ಅಂತ ಜೋಡಿಸಲು. ಆದರೆ ಹಳೆಯ ಹುಳಗಳಲ್ಲಿ ಎಷ್ಟೋ ಪ್ರಭೇದಗಳ ಡಿಎನ್‌ಎ ದಾಖಲೆಯೇ ಇಲ್ಲ, ಹೋಲಿಸುವುದು ಯಾವುದರ ಜೊತೆ? ನಿಯಮದ ಪ್ರಕಾರವೂ ಹೊಸ ಹೆಸರು ಕೊಡುವವರು ಅದನ್ನು ಬೇರೆ ಮಾಡುವ ಲಕ್ಷಣಗಳನ್ನು ಮಾತಿನಲ್ಲಿ ಬರೆದು ಹೇಳಬೇಕು. ಈಗಿನ ಒಳ್ಳೆಯ ವಿವರಣ ಲೇಖನಗಳಲ್ಲಿ ಸ್ಲೈಡೂ ಇರುತ್ತದೆ, ಡಿಎನ್‌ಎಯೂ ಇರುತ್ತದೆ.

## ಮೂಲ ಮಾದರಿ ಮತ್ತು ಹೆಸರು

ಹೋಲಿಸಿ ನೋಡಿ, ಹೌದು ಇದು ಬೇರೆಯೇ ಅಂತ ಖಾತ್ರಿಯಾದ ಮೇಲೆ ಸ್ಲೈಡ್‌ಗಳಲ್ಲಿ ಒಂದನ್ನು ಆರಿಸುತ್ತಾರೆ. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ, ಮೂಲ ಮಾದರಿ ಅನ್ನೋಣ. ಅಂಗಡಿಯ ತೂಕದ ಬಟ್ಟು ಸರಿಯಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ತೂಕ ಅಳತೆ ಇಲಾಖೆಯವರ ಹತ್ತಿರ ಇರುವ ಮೂಲ ಬಟ್ಟಿನ ಜೊತೆ ಇಟ್ಟು ನೋಡುತ್ತಾರಲ್ಲ, ಇದರ ಕೆಲಸವೂ ಅದೇ. ಮುಂದೆ ಐವತ್ತು ವರ್ಷದ ನಂತರ ಪಾವಗಡದಲ್ಲೋ ಪೆರುವಿನಲ್ಲೋ ಅಂಥದ್ದೇ ಹುಳ ಸಿಕ್ಕಿ, ಇದು ಅದೇನಾ ಅಂತ ಪ್ರಶ್ನೆ ಬಂದರೆ, ಕೊನೆಯ ಮಾತು ಆ ಒಂದು ಸ್ಲೈಡಿನದ್ದು. ಅದು ಯಾವ ಸಂಸ್ಥೆಯಲ್ಲಿದೆ ಅಂತ ಲೇಖನದಲ್ಲೇ ಬರೆಯಬೇಕು.

ಭಾರತದಲ್ಲಿ ಇದಕ್ಕೆ ಕಾನೂನೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ, ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಗಳನ್ನು ಅಲ್ಲಿ ಇಡಬೇಕು.

ಮಾದರಿ ಉಳಿಯದಿದ್ದರೆ ಏನಾಗುತ್ತದೆ? ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ಗೇ ಇದರ ಪಾಡು ಗೊತ್ತಿತ್ತು. 1750ರ ದಶಕದಲ್ಲಿ ಅವನ ಶಿಷ್ಯ ರೋಲಾಂಡರ್ ದಕ್ಷಿಣ ಅಮೆರಿಕದ ಸುರಿನಾಮ್‌ನಿಂದ ಕೊಚಿನೀಲ್ ಹುಳ ಇದ್ದ ಕ್ಯಾಕ್ಟಸ್ ಕಳಿಸಿದ. ಅಷ್ಟು ದೂರದಿಂದ ಹುಳ ಜೀವಂತ ಬಂದಿದ್ದವು. ಲಿನೇಯಸ್ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ತೋಟದ ಮಾಲಿ, ಗಿಡಕ್ಕೆ ಹುಳ ಹತ್ತಿದೆ ಅಂತ ಒಂದೂ ಬಿಡದೆ ತೊಳೆದು ಹಾಕಿದ ಅಂತ ಹೇಳುತ್ತಾರೆ. 1758ರಲ್ಲಿ ಲಿನೇಯಸ್ ಕಾಕಸ್ ಕ್ಯಾಕ್ಟೈ ಅಂತ ಒಂದು ಹೆಸರು ಕೊಟ್ಟ. ಬಹಳ ಕಾಲ ಎಲ್ಲರೂ ಅದನ್ನೇ ಬಣ್ಣದ ಕೊಚಿನೀಲ್‌ನ ಹೆಸರು ಅಂತ ಬಳಸಿದರು. ಆಮೇಲೆ ನೋಡಿದರೆ ಆ ಹೆಸರು ಸೇರಬೇಕಾದದ್ದು ಕ್ಯಾಕ್ಟಸ್ ಮೇಲಿನ ಬೇರೊಂದು ಹುಳಕ್ಕೆ.

ಹೆಸರಿನ ನಿಯಮಗಳು ಒಂದು ಅಂತಾರಾಷ್ಟ್ರೀಯ ಸಂಹಿತೆಯಲ್ಲಿವೆ. ಹೆಸರಲ್ಲಿ ಎರಡು ಪದ, ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಊರಿನ ಹೆಸರು, ಗಿಡದ ಹೆಸರು, ಹುಳದ ಲಕ್ಷಣ, ಗೌರವಿಸಬೇಕಾದ ವ್ಯಕ್ತಿ, ಯಾವುದರಿಂದಲಾದರೂ ಎರಡನೆಯ ಪದ ಮಾಡಬಹುದು. ತನ್ನ ಹೆಸರನ್ನೇ ಇಟ್ಟುಕೊಳ್ಳುವ ರೂಢಿ ಇಲ್ಲ. ಒಂದೇ ಹುಳಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಲೇಖನ ಪ್ರಕಟವಾಗಲೇಬೇಕು. ಸುದ್ದಿಗೋಷ್ಠಿಯಲ್ಲಿ ಹೇಳಿದರೆ, ಪತ್ರಿಕೆಯಲ್ಲಿ ಫೋಟೊ ಬಂದರೆ ಹೆಸರು ಸಿಂಧುವಾಗುವುದಿಲ್ಲ. 2012ರಿಂದ ಆನ್‌ಲೈನ್‌ನಲ್ಲಿ ಮಾತ್ರ ಬರುವ ಲೇಖನಗಳನ್ನೂ ಒಪ್ಪುತ್ತಾರೆ, ಆದರೆ ಮೊದಲು ಜೂಬ್ಯಾಂಕ್ ಅನ್ನುವ ದಾಖಲೆಯಲ್ಲಿ ನೋಂದಾಯಿಸಿರಬೇಕು.

ಇನ್ನೊಂದು ಮಾತು. ಹುಳವನ್ನು ಎಲ್ಲಿ ವಿವರಿಸಿದರೋ ಅದೇ ಅದರ ತವರು ಅಂತ ತಿಳಿಯಬಾರದು. ಡಯಾಸ್ಪಿಸ್ ಎಕಿನೋಕ್ಯಾಕ್ಟೈಯನ್ನು 1833ರಲ್ಲಿ ವಿವರಿಸಿದ್ದು ಜರ್ಮನಿಯಲ್ಲಿ ಬೆಳೆಸಿದ್ದ ಕ್ಯಾಕ್ಟಸ್ ಮೇಲೆ. ಜರ್ಮನಿಯ ಕಾಡಿನಲ್ಲಿ ಕ್ಯಾಕ್ಟಸ್ ಇಲ್ಲ. ಸಿಲೋನಿಕಸ್‌ನ ತವರೂ ದಕ್ಷಿಣ ಅಮೆರಿಕವೇ.

## ಹೆಸರಿಂದ ರೈತರಿಗೆ ಏನು ಸಿಗುತ್ತದೆ?

ಹೆಸರು ಸಿಕ್ಕರೆ ತವರು ಹುಡುಕಬಹುದು, ತವರಲ್ಲಿ ಅದನ್ನು ತಿನ್ನುವ ಶತ್ರು ಕೀಟ ಸಿಗುತ್ತದೆ.

ಆಫ್ರಿಕಾದಲ್ಲಿ 1970ರ ದಶಕದಲ್ಲಿ ಮರಗೆಣಸಿನ ಬೆಳೆಯನ್ನು ಒಂದು ಹಿಟ್ಟು ತಿಗಣೆ ಹಾಳುಮಾಡಿತು. ಅದು ವಿಜ್ಞಾನಕ್ಕೇ ಹೊಸದು. 1977ರಲ್ಲಿ ಫಿನಕಾಕಸ್ ಮ್ಯಾನಿಹೋಟಿ ಅಂತ ಹೆಸರಿಟ್ಟರು. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಅಂಥದ್ದೇ ಹುಳ ಸಿಕ್ಕಿತು, ಅದರ ಶತ್ರು ಕಣಜಗಳನ್ನೂ ಹುಡುಕಿದರು. ಆದರೆ ಅವು ಆಫ್ರಿಕಾದ ಹುಳದ ಮೇಲೆ ಕೆಲಸ ಮಾಡಲಿಲ್ಲ. ಸೂಕ್ಷ್ಮವಾಗಿ ನೋಡಿದಾಗ ಅಲ್ಲಿದ್ದದ್ದು ಬೇರೆಯೇ ಪ್ರಭೇದ, ಅದಕ್ಕೆ 1981ರಲ್ಲಿ ಬೇರೆ ಹೆಸರು ಬಂತು. ನಿಜವಾದ ಹುಳ ಪರಾಗ್ವೆಯಲ್ಲಿ ಸಿಕ್ಕಿತು. ಅಲ್ಲಿಂದ ತಂದ ಅನಾಗೈರಸ್ ಲೋಪೆಜಿ ಅನ್ನುವ ಪುಟ್ಟ ಕಣಜ ಆಫ್ರಿಕಾದ ಬೆಳೆ ಉಳಿಸಿತು. ಈ ಕೆಲಸದ ಮುಂದಾಳು ಹಾನ್ಸ್ ಹೆರೆನ್‌ಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. 2020ರಲ್ಲಿ ಅದೇ ಹುಳ ಕೇರಳದಲ್ಲಿ ಕಂಡಾಗ ಯಾವ ಕಣಜ ಬೇಕು ಅಂತ ಮೊದಲಿನಿಂದ ಹುಡುಕಬೇಕಾಗಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಆ ಕಣಜವನ್ನೇ ತರಿಸಿಕೊಂಡಿತು.

ಪರಂಗಿಯ ಹಿಟ್ಟು ತಿಗಣೆಯಲ್ಲೂ ಹೀಗೇ ಆಯಿತು. ಹೆಸರು ಗೊತ್ತಿತ್ತು, ಶತ್ರು ಗೊತ್ತಿತ್ತು. 2010ರಲ್ಲಿ ಪೋರ್ಟೊರಿಕೋದಿಂದ ಇದೇ ಸಂಸ್ಥೆ ಕಣಜ ತರಿಸಿ ಬಿಟ್ಟಿತು. ಪರಂಗಿ, ಹಿಪ್ಪುನೇರಳೆ ಬೆಳೆಯುವವರು ಔಷಧಿ ಹೊಡೆದೂ ಹೊಡೆದೂ ಸಾಕಾಗಿದ್ದ ಹುಳ ಹತೋಟಿಗೆ ಬಂತು.

## ನಿಮ್ಮ ಗಿಡದಲ್ಲಿ ಕಂಡರೆ

ಔಷಧಿ ಹೊಡೆಯುವ ಮೊದಲು ಮಾದರಿ ತೆಗೆದಿಡಿ. ಹುಳವನ್ನು ಕೆರೆದು ತೆಗೆಯಬೇಡಿ, ಹುಳ ಇರುವ ಕಾಂಡದ ಸಣ್ಣ ತುಂಡನ್ನೇ ಕತ್ತರಿಸಿ. ಒಂದೆರಡು ತುಂಡನ್ನು ಕಾಗದದಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಕೊಳೆಯುತ್ತದೆ. ಇನ್ನೊಂದು ತುಂಡನ್ನು ಶೇ 70ರ ಆಸುಪಾಸಿನ ಮದ್ಯಸಾರ ಇರುವ ಸಣ್ಣ ಬಾಟಲಿಗೆ ಹಾಕಿ. ಊರು, ದಿನಾಂಕ, ಯಾವ ಗಿಡ, ಕಡ್ಡಿ ಎಲ್ಲಿಂದ ತಂದದ್ದು, ಇಷ್ಟನ್ನು ಚೀಟಿಯಲ್ಲಿ ಬರೆದು ಬಾಟಲಿಯೊಳಗೇ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗುತ್ತದೆ. ಹುಳ ಹಿಸುಕಿದಾಗ ಕೆಂಪು ಬಂತೋ ಇಲ್ಲವೋ ಅಂತಲೂ ಬರೆಯಿರಿ, ಕೊಚಿನೀಲ್ ಹೌದೋ ಅಲ್ಲವೋ ಅನ್ನುವುದಕ್ಕೆ ಅದು ಮೊದಲ ಸುಳಿವು.

ತುಮಕೂರಿನವರು ಹಿರೇಹಳ್ಳಿ ಅಥವಾ ತಿಪಟೂರು ಹತ್ತಿರದ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಕೋಲಾರದವರು ಟಮಕದ ಕೇಂದ್ರಕ್ಕೆ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಹತ್ತಿರದ ಕುರುಬೂರಿನ ಕೇಂದ್ರಕ್ಕೆ ಮಾದರಿ ತೆಗೆದುಕೊಂಡು ಹೋಗಿ ಕೇಳಬಹುದು. ಅಲ್ಲಿ ಗೊತ್ತಾಗದಿದ್ದರೆ ಹೆಬ್ಬಾಳದ ಬ್ಯೂರೋದಲ್ಲಿ ಶಲ್ಕ ಕೀಟಗಳನ್ನು ಗುರುತಿಸುವ ಕೆಲಸ ನಡೆಯುತ್ತದೆ. ಉತ್ತರ ಬರುವ ತನಕ ಆ ತೋಟದ ಕಡ್ಡಿಗಳನ್ನು ನಾಟಿಗೆ ಅಂತ ಯಾರಿಗೂ ಕೊಡಬೇಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳು ಇನ್ನೊಂದು ತಾಲ್ಲೂಕು ತಲುಪುವುದು ಜಾಸ್ತಿ ಕಡ್ಡಿಯ ಜೊತೆಗೇ.